ಮ್ಯಾಪ್ ಗೇಮ್ ಆಡ್ತಾ ಆಡ್ತಾ ಪ್ರಪಂಚದ ದೇಶಗಳನ್ನ ಕಲಿಯೋದು ಹೇಗೆ

ಹೆಚ್ಚಿನವರು ಮೊದಲ ದಿನವೇ ಇಡೀ ಪ್ರಪಂಚದ ಕ್ವಿಜ್ ತೆಗೆದು ಕೂತ್ಕೋತಾರೆ, ವಿಶ್ವಸಂಸ್ಥೆ ಸದಸ್ಯ ದೇಶಗಳೇ 193 ಇವೆ, ತಲೆ ಕೆಟ್ಟು ಬೇಗ ಬಿಟ್ಬಿಡ್ತಾರೆ. ದಯವಿಟ್ಟು ಹಾಗೆ ಮಾಡ್ಬೇಡಿ. ಸೆಟೆರ್ರಾ ಅಂತ ಒಂದು ಆನ್‌ಲೈನ್ ಮ್ಯಾಪ್ ಕ್ವಿಜ್ ಇದೆ, ಕೇಳಿದ ದೇಶವನ್ನ ಮ್ಯಾಪ್‌ನಲ್ಲಿ ಒತ್ತಬೇಕು, ಅದರಲ್ಲಿ ಒಂದೇ ಖಂಡ ತಗೊಳ್ಳಿ, ದಕ್ಷಿಣ ಅಮೆರಿಕದಿಂದ ಶುರು ಮಾಡಿದ್ರೆ ಸುಲಭ, ಅಲ್ಲಿರೋ ಸ್ವತಂತ್ರ ದೇಶಗಳು ಬರೀ 12.

ಆಫ್ರಿಕಾಗೆ ಬಂದ್ರೆ 54 ದೇಶ, ಇಲ್ಲೇ ಎಲ್ರೂ ಸುಸ್ತಾಗೋದು. ನನ್ನ ಪ್ರಕಾರ ಹೆಸರು ಬಿಡಿಬಿಡಿಯಾಗಿ ಬಾಯಿಪಾಠ ಮಾಡೋದು ವೇಸ್ಟ್, ಅಕ್ಕಪಕ್ಕ ಯಾರಿದಾರೆ ಅನ್ನೋದನ್ನ ಹಿಡ್ಕೋಬೇಕು. ಪಶ್ಚಿಮದ ಕರಾವಳಿಯನ್ನೇ ನೋಡಿ, ಸೆನೆಗಲ್‌ನಿಂದ ಕೆಳಗೆ ಇಳೀತಾ ಹೋಗಿ, ಅದರ ಹೊಟ್ಟೆಯೊಳಗೆ ನದಿಯುದ್ದಕ್ಕೂ ಸಣ್ಣ ಪಟ್ಟಿ ಥರ ಇರೋದು ಗ್ಯಾಂಬಿಯಾ, ಆಮೇಲೆ ಗಿನಿ ಬಿಸಾವ್, ಗಿನಿ, ಸಿಯೆರಾ ಲಿಯೋನ್, ಲೈಬೀರಿಯಾ, ಅಲ್ಲಿಂದ ಪೂರ್ವಕ್ಕೆ ತಿರುಗಿದ್ರೆ ಐವರಿ ಕೋಸ್ಟ್, ಘಾನಾ, ಟೋಗೊ, ಬೆನಿನ್, ನೈಜೀರಿಯಾ. ಬಸ್ ಸ್ಟಾಪ್‌ಗಳನ್ನ ಹೇಳ್ದಂಗೆ ಸಾಲಾಗಿ ಹೇಳ್ಕೊಂಡು ಒಂದೊಂದೇ ಕ್ಲಿಕ್ ಮಾಡಿ, ಘಾನಾ ಸಿಕ್ತು ಅಂದ್ರೆ ಟೋಗೊ ತಾನಾಗೇ ಸಿಗುತ್ತೆ. ಮಧ್ಯ ಏಷ್ಯಾದಲ್ಲಿ 'ಸ್ತಾನ್'ಗಳು ಕಲಸಿಹೋಗ್ತವಲ್ಲ, ಅಲ್ಲಿ ಉಜ್ಬೇಕಿಸ್ತಾನ್ ಹಿಡ್ಕೊಳ್ಳಿ. ಕಝಾಕ್‌ಸ್ತಾನ್, ಕಿರ್ಗಿಸ್ತಾನ್, ತಜಿಕಿಸ್ತಾನ್, ತುರ್ಕಮೆನಿಸ್ತಾನ್ ನಾಲ್ಕಕ್ಕೂ ಅದರ ಗಡಿ ತಾಗುತ್ತೆ.

ಸೆಟೆರ್ರಾದಲ್ಲಿ ಮೊದಲ ಸಲಕ್ಕೇ ಸರಿಯಾಗಿ ಒತ್ತಿದ ದೇಶ ಬಿಳಿ ಆಗುತ್ತೆ, ಮೂರು ಸಲ ತಪ್ಪಿದ್ರೆ ಕೆಂಪು. ಸ್ಕೋರ್ ಬಿಟ್ಹಾಕಿ, ಆಟ ಮುಗಿದಾಗ ಆ ಕೆಂಪು ದೇಶಗಳನ್ನ ನೋಡಿ, ಅವುಗಳ ಗಡಿಯಲ್ಲಿ ಯಾವ್ಯಾವ ದೇಶ ಇದೆ ಅಂತ ಬಾಯಲ್ಲಿ ಹೇಳ್ಕೊಂಡು ಇನ್ನೊಮ್ಮೆ ಆಡಿ.

ಇಷ್ಟಾದ್ಮೇಲೆ ವರ್ಲ್ಡಲ್ (Worldle) ಅನ್ನೋ ಆಟಕ್ಕೆ ಬನ್ನಿ. ದಿನಕ್ಕೊಂದು ದೇಶದ ಆಕಾರ ಕೊಡ್ತಾರೆ, ಆರು ಚಾನ್ಸ್, ತಪ್ಪು ಹೇಳಿದ್ರೆ ಎಷ್ಟು ಕಿಲೋಮೀಟರ್ ದೂರ, ಯಾವ ದಿಕ್ಕು ಅಂತ ಬಾಣದ ಗುರುತು ಬರುತ್ತೆ. ಆಕಾರ ಗೊತ್ತಾಗ್ದಿದ್ರೂ ಪರವಾಗಿಲ್ಲ, ಎರಡು ಗೆಸ್ ಮಾಡಿ ಆ ದೂರ ದಿಕ್ಕು ನೋಡ್ಕೊಂಡೇ ಹುಡುಕಿ, ಅದರಲ್ಲೇ ಮ್ಯಾಪ್ ತಲೇಲಿ ಕೂರೋದು.

ಜಿಯೋಗೆಸರ್ ಇರೋದ್ರಲ್ಲೇ ಮಜಾ ಇರೋ ಆಟ. ಸ್ಟ್ರೀಟ್ ವ್ಯೂ ಫೋಟೋ ತೋರಿಸಿ ಯಾವುದೋ ರಸ್ತೇಲಿ ಇಳಿಸಿಬಿಡ್ತಾರೆ, ಎಲ್ಲಿದೀವಿ ಅಂತ ನಾವೇ ಕಂಡುಹಿಡೀಬೇಕು. ಮೊದಲು ಗಾಡಿಗಳು ಯಾವ ಕಡೆ ಓಡ್ತಿವೆ ನೋಡಿ, ಆಮೇಲೆ ಬೋರ್ಡ್‌ನ ಲಿಪಿ. ಥಾಯ್ ಲಿಪಿ, ಕಾಂಬೋಡಿಯಾದ ಖ್ಮೇರ್ ಲಿಪಿ ಎರಡೂ ಹೊಸಬರಿಗೆ ಒಂದೇ ಥರ ಕಾಣುತ್ತೆ, ಆದ್ರೆ ಥಾಯ್ಲೆಂಡ್‌ನಲ್ಲಿ ಗಾಡಿ ಎಡಗಡೆ, ಕಾಂಬೋಡಿಯಾದಲ್ಲಿ ಬಲಗಡೆ. ಇನ್ನು ಮಧ್ಯಾಹ್ನದ ಸೂರ್ಯ ಉತ್ತರಕ್ಕಿದ್ರೆ ಹೆಚ್ಚಾಗಿ ದಕ್ಷಿಣ ಗೋಳಾರ್ಧ, ಉಷ್ಣವಲಯದಲ್ಲಿ ಮಾತ್ರ ಇದನ್ನ ನಂಬೋಕಾಗಲ್ಲ.

ಕೊನೇದಾಗಿ ಒಂದು ಎಚ್ಚರಿಕೆ, ಈ ಗೇಮ್‌ಗಳಲ್ಲಿ ಹೆಚ್ಚಾಗಿ ಮರ್ಕೇಟರ್ ಥರದ, ಅಂದ್ರೆ ಧ್ರುವಗಳ ಹತ್ತಿರದ ಜಾಗಗಳನ್ನ ಹಿಗ್ಗಿಸಿ ತೋರಿಸೋ ಚಪ್ಪಟೆ ನಕ್ಷೆ ಇರುತ್ತೆ, ಅದರಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತೆ, ನಿಜಕ್ಕೂ ಆಫ್ರಿಕಾ ಅದರ ಸುಮಾರು 14 ಪಟ್ಟು. ಆಗಾಗ ಗೂಗಲ್ ಅರ್ತ್ ತೆಗೆದು ಗೋಳ ತಿರುಗಿಸಿ ನೋಡ್ತಾ ಇರಿ.