ಗೂಡಿಗೆ ಕೈ ಹಾಕದೆ ಕೋಗಿಲೆ ಮರಿಯನ್ನು ಪತ್ತೆ ಮಾಡುವುದು ಹೇಗೆ

ಕೋಗಿಲೆ ಕಾಗೆ ಗೂಡಲ್ಲಿ ಮೊಟ್ಟೆ ಇಡುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಕಾಗೆ ಕೋಗಿಲೆ ಮರಿಗೆ ಗುಟುಕು ಕೊಡುವುದನ್ನು ಕಣ್ಣಾರೆ ಕಂಡವರು ಕಡಿಮೆ. ಕಷ್ಟದ ಕೆಲಸವೇನೂ ಅಲ್ಲ. ಮರ ಹತ್ತಬೇಕಿಲ್ಲ, ಗೂಡಿನೊಳಗೆ ಇಣುಕಬೇಕಿಲ್ಲ. ದೂರದಲ್ಲಿ ಕೂತು, ಗೂಡಿನ ಸುತ್ತ ಕಾಗೆ, ಕೋಗಿಲೆಗಳ ಓಡಾಟವನ್ನು ಗಮನಿಸಿದರೆ ಸಾಕು.

ಮೊದಲು ಕಿವಿ ಕೊಡಿ. 'ಕುಹೂ ಕುಹೂ' ಅಂತ ಏರುತ್ತಾ ಹೋಗುವ ದನಿ ಗಂಡಿನದು. ಅದರ ಮೈ ಮಿರಮಿರ ಕಪ್ಪು, ಕಣ್ಣು ಕೆಂಪು, ಕೊಕ್ಕು ತಿಳಿಹಸಿರು. ಹೆಣ್ಣು ಹಾಗೆ ಹಾಡುವುದಿಲ್ಲ, 'ಕಿಕ್ ಕಿಕ್ ಕಿಕ್' ಅಂತ ಒಂದೇ ಉಸಿರಿಗೆ ಕೂಗುತ್ತದೆ. ಅದರ ಮೈ ಕಂದು, ತುಂಬಾ ಬಿಳಿ ಚುಕ್ಕೆ, ಎದೆ ಹೊಟ್ಟೆಯ ಮೇಲೆ ಪಟ್ಟೆ. ನೋಡಿದವರು ಇದು ಬೇರೆ ಯಾವುದೋ ಹಕ್ಕಿ ಅಂದುಕೊಂಡು ಬಿಟ್ಟುಬಿಡುತ್ತಾರೆ. ನೀವು ಬಿಡಬೇಡಿ, ನಿಮಗೆ ಬೇಕಾದದ್ದು ಅದೇ. ಕಾಗೆ ಗೂಡಿರುವ ಮರದ ಆಸುಪಾಸಿನಲ್ಲಿ ಹೆಣ್ಣು ಕೋಗಿಲೆ ಪದೇ ಪದೇ ಕಂಡರೆ ಆ ಗೂಡಿನ ಮೇಲೆ ಒಂದು ಕಣ್ಣಿಡಿ.

ಭಾರತ ಉಪಖಂಡದಲ್ಲಿ ಇದಕ್ಕೆ ಮಾರ್ಚ್‌ನಿಂದ ಆಗಸ್ಟ್‌ವರೆಗಿನ ಕಾಲ ಸರಿ. ಕಾಗೆ ಗೂಡು ಕಟ್ಟುವುದೂ ಹೆಚ್ಚುಕಮ್ಮಿ ಅದೇ ಹೊತ್ತಿಗೆ. ಕಾಗೆಗಳು ಕೋಗಿಲೆಯನ್ನು ಅಟ್ಟಿಸಿಕೊಂಡು ಹೋಗುವುದು ಕಂಡರೆ ಕೂಡಲೇ ಗೂಡಿನ ಕಡೆ ನೋಡಿ. ಗಂಡು ಗೂಡಿನ ಹತ್ತಿರ ಬಂದು ಕೂಗುತ್ತದೆ, ಕಾಗೆಗಳು ಸಿಟ್ಟಿನಿಂದ ಅದರ ಹಿಂದೆ ಬೀಳುತ್ತವೆ, ಅಷ್ಟರಲ್ಲಿ ಹೆಣ್ಣು ಎಲೆಗಳ ಮರೆಯಿಂದ ಗೂಡಿಗೆ ನುಸುಳುತ್ತದೆ. ಪ್ರತಿ ಸಲ ಹೀಗೇ ಆಗುತ್ತದೆ ಅಂತಲ್ಲ. ಮೊಟ್ಟೆ ಇಡುವ ಕ್ಷಣವೇ ಕಣ್ಣಿಗೆ ಬೀಳಬೇಕು ಅಂತ ಹಟ ಹಿಡಿಯಬೇಡಿ, ಅದು ಸಿಗುವುದು ಅಪರೂಪ.

ಮೊಟ್ಟೆಯ ವಿಷಯ ಇಷ್ಟು ತಿಳಿದಿದ್ದರೆ ಸಾಕು: ಕಾಗೆಯದು ನೀಲಿ-ಹಸಿರು, ಕಂದು ಚುಕ್ಕೆ, ಕೋಗಿಲೆಯದು ಸ್ವಲ್ಪ ಚಿಕ್ಕದು, ಬೂದು-ಹಸಿರು, ಕೆಂಗಂದು ಚುಕ್ಕೆ. ಕೆಳಗಿನಿಂದ ಇದ್ಯಾವುದೂ ಕಾಣುವುದಿಲ್ಲ, ಕಾಣಲೇಬೇಕು ಅಂತಲೂ ಇಲ್ಲ. ಒಂದೇ ಗೂಡಲ್ಲಿ ಕೋಗಿಲೆಯ ಹಲವು ಮೊಟ್ಟೆ ಇರುವುದೂ ಉಂಟು.

ಕೋಗಿಲೆ ಮೊಟ್ಟೆ 12ರಿಂದ 14 ದಿನಕ್ಕೆ ಒಡೆಯುತ್ತದೆ, ಕಾಗೆಯದಕ್ಕೆ ಇನ್ನೂ ಕೆಲವು ದಿನ ಬೇಕು. ಮೊದಲು ಹುಟ್ಟಿದ ಮರಿಗೆ ಮೊದಲ ಗುಟುಕು, ಅಲ್ವಾ, ಅದೇ ಅದರ ಬಲ. ಇಲ್ಲಿ ತುಂಬಾ ಜನ ಎಡವುತ್ತಾರೆ. ಕೋಗಿಲೆ ಮರಿ ಗೂಡಿನ ಒಡೆಯರ ಮೊಟ್ಟೆಗಳನ್ನೆಲ್ಲ ಹೊರಗೆ ತಳ್ಳುತ್ತದೆ ಅಂತ ಓದಿರುತ್ತಾರೆ. ಹಾಗೆ ಮಾಡುವುದು ಯುರೋಪಿನಲ್ಲೂ ಏಷ್ಯಾದಲ್ಲೂ ಇರುವ ಇನ್ನೊಂದು ಜಾತಿ, 'ಕುಕ್ಕೂ' ಅಂತ ಕೂಗುವ ಹಕ್ಕಿ. ಅದರ ಮರಿ ಹುಟ್ಟಿ ಒಂದೆರಡು ದಿನದೊಳಗೆ, ಕಣ್ಣೂ ಬಿಟ್ಟಿರುವುದಿಲ್ಲ, ಮೈಮೇಲೆ ಪುಕ್ಕವೂ ಇರುವುದಿಲ್ಲ, ಬೆನ್ನಿನ ತಗ್ಗಿನಲ್ಲಿ ಮೊಟ್ಟೆಯನ್ನು ಕೂರಿಸಿಕೊಂಡು ಹಿಂದಕ್ಕೆ ಹತ್ತುತ್ತಾ ಅಂಚಿನಿಂದ ಆಚೆ ಉರುಳಿಸುತ್ತದೆ. 1788ರಲ್ಲೇ ಎಡ್ವರ್ಡ್ ಜೆನ್ನರ್ ಇದನ್ನು ನೋಡಿ ಬರೆದಿದ್ದ. ಸಿಡುಬಿನ ಲಸಿಕೆ ಕಂಡುಹಿಡಿದ ಅದೇ ಜೆನ್ನರ್! ನಮ್ಮ 'ಕುಹೂ' ಕೋಗಿಲೆಯ ಮರಿ ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ. ಕಾಗೆ ಮರಿಗಳ ಜೊತೆಯಲ್ಲೇ ಬೆಳೆಯುತ್ತದೆ. ಹಾಗಾಗಿ ಗೂಡಲ್ಲಿ ಕಾಗೆ ಮರಿ ಕಂಡಿತು ಅಂತ ನೋಡುವುದನ್ನು ನಿಲ್ಲಿಸಬೇಡಿ.

ನಿಜವಾದ ಅವಕಾಶ ಸಿಗುವುದು ಮರಿ ಗೂಡು ಬಿಟ್ಟ ಮೇಲೆ, ಅಂದರೆ ಹುಟ್ಟಿ ಸುಮಾರು ಮೂರು-ನಾಲ್ಕು ವಾರಕ್ಕೆ. ಆಗ ಅದು ಹತ್ತಿರದ ಕೊಂಬೆಗಳಲ್ಲಿ ಕೂತು ಬಿಡದೆ ಕಿರುಚುತ್ತದೆ. ಆ ಸದ್ದು ಹಿಡಿದು ಹೋಗಿ, ಒಂದು ಕಡೆ ಅಲುಗಾಡದೆ ನಿಂತುಕೊಳ್ಳಿ, ಬೈನಾಕ್ಯುಲರ್ ಇದ್ದರೆ ಇನ್ನೂ ಒಳ್ಳೆಯದು. ಕಾಗೆ ಬಂದು ಕೂತ ತಕ್ಷಣ ಮರಿ ಮೈ ಕುಗ್ಗಿಸಿ, ರೆಕ್ಕೆ ಬಡಬಡ ನಡುಗಿಸುತ್ತಾ ಬಾಯಿ ಅಗಲಿಸುತ್ತದೆ. ಕಾಗೆ ಕೊಕ್ಕನ್ನು ಆ ಬಾಯಿಯೊಳಗೆ ಆಳಕ್ಕೆ ಇಳಿಸಿ ಗುಟುಕು ಹಾಕಿ ಹಾರಿಹೋಗುತ್ತದೆ, ಮರಿ ಮತ್ತೆ ಶುರು ಮಾಡುತ್ತದೆ. ಈಗ ಮರಿಯನ್ನು ಸರಿಯಾಗಿ ನೋಡಿ. ಊರ ಕಾಗೆ ಮರಿಗೆ ದಪ್ಪ ಕೊಕ್ಕು, ಬೂದು ಕುತ್ತಿಗೆ. ಕೋಗಿಲೆ ಮರಿ ಬಹುಪಾಲು ಕಪ್ಪಾದರೂ ಮೈ ತೆಳು, ಬಾಲ ಉದ್ದ, ಹೊಟ್ಟೆಯ ಕಡೆ ಅಲ್ಲಲ್ಲಿ ಬಿಳಿ ಪಟ್ಟೆ. ಕೆಂಪು ಕಣ್ಣು ಹುಡುಕಬೇಡಿ, ಅದು ದೊಡ್ಡದಾದ ಮೇಲೆ ಬರುವುದು. ಹೊತ್ತು, ಜಾಗ, ಯಾರು ಯಾರಿಗೆ ಗುಟುಕು ಕೊಟ್ಟರು ಅನ್ನುವುದನ್ನು ಆಗಲೇ ಬರೆದಿಟ್ಟುಕೊಳ್ಳಿ.

ಕಾಗೆ-ಕೋಗಿಲೆಗೆ ಕಣ್ಣು ಪಳಗಿದರೆ ಉಳಿದವೂ ಕಾಣತೊಡಗುತ್ತವೆ. ಚಾತಕ ಹರಟೆಮಲ್ಲಗಳ ಗೂಡಲ್ಲಿ ಮೊಟ್ಟೆ ಇಡುತ್ತದೆ, ಎರಡರ ಮೊಟ್ಟೆಯೂ ನೀಲಿ. ಯಾವುದೇ ಪುಟ್ಟ ಹಕ್ಕಿ ತನಗಿಂತ ದೊಡ್ಡ ಮರಿಗೆ ಗುಟುಕು ಕೊಡುತ್ತಿದ್ದರೆ ಅಲ್ಲೇ ನಿಂತುಬಿಡಿ. ಕೆಂಬೂತವನ್ನು ಮಾತ್ರ ಈ ಲೆಕ್ಕಕ್ಕೆ ಸೇರಿಸಬೇಡಿ, ಕೋಗಿಲೆ ಕುಟುಂಬದ್ದೇ ಆದರೂ ಅದು ಸ್ವಂತ ಗೂಡು ಕಟ್ಟಿ ಮರಿ ಸಾಕುತ್ತದೆ.

ಇನ್ನು, ಕಾಗೆಗೆ ಮೋಸ ಆಗುತ್ತಿದೆ ಅಂತ ಕೋಗಿಲೆ ಮೊಟ್ಟೆಯನ್ನೋ ಮರಿಯನ್ನೋ ತೆಗೆದು ಎಸೆಯುವವರಿದ್ದಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ. ನಾವು ಗೂಡಿನ ಹತ್ತಿರ ಹೋದರೆ ಕಾಗೆಗಳು ಗಾಬರಿ ಬೀಳುತ್ತವೆ, ಇರುವ ಮರಿಗಳಿಗೂ ಗುಟುಕು ತಪ್ಪುತ್ತದೆ. ಉತ್ತರ ಅಮೆರಿಕದಲ್ಲಿ ಕೌಬರ್ಡ್ ಅನ್ನುವ ಹಕ್ಕಿಯೂ ಹೀಗೇ ಬೇರೆಯವರ ಗೂಡಲ್ಲಿ ಮೊಟ್ಟೆ ಇಡುತ್ತದೆ. ಅದರ ಮೊಟ್ಟೆ ತೆಗೆದುಹಾಕಿದ ಗೂಡುಗಳು ಜಾಸ್ತಿ ಧ್ವಂಸವಾದವು, ಧ್ವಂಸ ಮಾಡಿದ್ದು ಕೌಬರ್ಡೇ ಇರಬೇಕು ಅಂತ 2007ರ ಅಧ್ಯಯನವೊಂದು ಹೇಳುತ್ತದೆ.

ನೆಲದ ಮೇಲೆ ಮರಿ ಸಿಕ್ಕರೆ ಮೊದಲು ಪುಕ್ಕ ನೋಡಿ. ಪುಕ್ಕ ಬಂದಿದ್ದು, ಕುಪ್ಪಳಿಸುತ್ತಿದ್ದರೆ ಅದು ಹಾರಲು ಕಲಿಯುತ್ತಿದೆ ಅಂತ. ಬೆಕ್ಕು ನಾಯಿಯ ಭಯವಿದ್ದರೆ ಹತ್ತಿರದ ಕೊಂಬೆ ಮೇಲೆ ಕೂರಿಸಿ ದೂರ ಸರಿಯಿರಿ, ಅದಕ್ಕೆ ಗುಟುಕು ಕೊಡುತ್ತಿದ್ದ ಕಾಗೆಗಳು ಹುಡುಕಿಕೊಂಡು ಬರುತ್ತವೆ. ಆ ಹೊತ್ತಿಗೆ ನಿಮ್ಮ ತಲೆಗೂ ಕುಕ್ಕಬಹುದು, ಹುಷಾರು. ಬಾಯಿಗೆ ನೀರು ಸುರಿಯಬೇಡಿ, ಅದು ಉಸಿರಿನ ದಾರಿಗೆ ಹೋಗಿಬಿಡುತ್ತದೆ. ಗಾಯವಾಗಿದ್ದರೆ ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲೆ ಮಾಡಿ ಇಟ್ಟು, ಹಕ್ಕಿಗಳಿಗೆ ಚಿಕಿತ್ಸೆ ಕೊಡುವವರ ಹತ್ತಿರ ಬೇಗ ಕರೆದೊಯ್ಯಿರಿ.