ಅಂಜುಬುರುಕ ನಾಯಿಮರಿಯನ್ನು ಮನೆಗೆ ತರುವುದು ಹೇಗೆ?

ಫಾಸ್ಟರ್ ಮನೆಗೆ, ಅಂದರೆ ದತ್ತು ಹೋಗುವವರೆಗೆ ಮರಿಯನ್ನು ತಾತ್ಕಾಲಿಕವಾಗಿ ಸಾಕುವವರ ಮನೆಗೆ, ಹೋದಾಗ ನೀವು ಇಷ್ಟಪಟ್ಟ ಮರಿ ಸೋಫಾದಡಿ ಸೇರಿಕೊಂಡರೆ ಎಳೆದು ಕೈಗೆ ಕೊಡಿ ಎನ್ನಬೇಡಿ. ನೆಲದ ಮೇಲೆ ಪಕ್ಕಕ್ಕೆ ತಿರುಗಿ ಕೂತು, ಮನೆಯವರ ಜೊತೆ ಮೆಲ್ಲಗೆ ಮಾತಾಡುತ್ತಿರಿ. ಅರ್ಧ ಗಂಟೆಯಲ್ಲಿ ಮೂಗು ಹೊರಗೆ ಬಂದರೂ ಅದು ಒಳ್ಳೆಯ ಭೇಟಿಯೇ. ಸಾಧ್ಯವಾದರೆ ಎರಡು ಮೂರು ಸಲ ಹೋಗಿ ಬನ್ನಿ.

ಈ ಮರಿಯನ್ನು ದಿನವಿಡೀ ಕಂಡವರು ಆ ಫಾಸ್ಟರ್ ಮನೆಯವರೇ. ಯಾವ ಸದ್ದಿಗೆ ಬೆಚ್ಚುತ್ತದೆ, ಎಲ್ಲಿ ಮಲಗುತ್ತದೆ, ಯಾರು ಮುಟ್ಟಿದರೆ ಸುಮ್ಮನಿರುತ್ತದೆ ಎಂದು ಬರೆದುಕೊಳ್ಳಿ. ಅಲ್ಲಿ ಬೇರೆ ನಾಯಿ ಇದೆಯೇ ಎಂಬುದನ್ನಂತೂ ಮರೆಯದೆ ಕೇಳಿ. ದೊಡ್ಡ ನಾಯಿಯ ಬೆನ್ನು ಹಿಡಿದು ಚುರುಕಾಗಿ ಓಡಾಡುವ ಮರಿ ಒಂಟಿಯಾದ ಕೂಡಲೇ ಮುದುಡಿಕೊಳ್ಳಬಹುದು. ಹೊರಡುವಾಗ ಲಸಿಕೆ ಕಾರ್ಡ್, ಜಂತುಹುಳದ ಔಷಧಿ ಕೊಟ್ಟ ದಿನಾಂಕ, ಒಂದು ವಾರದ ಅದೇ ಆಹಾರ ಮತ್ತು ಅದು ಮಲಗುತ್ತಿದ್ದ ಬಟ್ಟೆ ಜೊತೆಗಿರಲಿ. ಬಟ್ಟೆಯನ್ನು ಒಗೆಯಬೇಡಿ, ಬೇಕಿರುವುದು ಅದರ ವಾಸನೆಯೇ.

ಮನೆಯಲ್ಲಿ ಒಂದು ಕೋಣೆ ಸಾಕು. ಕ್ರೇಟಿನ (ಮರಿ ಮಲಗುವ, ಬಾಗಿಲಿರುವ ಪಂಜರದ) ಮೂರು ಬದಿಗೆ ಬಟ್ಟೆ ಹೊದಿಸಿ, ಬಾಗಿಲು ತೆರೆದಿಡಿ. ಮಂಚದಡಿ, ಬೀರುವಿನ ಹಿಂದಿನ ಸಂದಿಗಳನ್ನು ಮೊದಲೇ ಮುಚ್ಚಿ. ಅಲ್ಲಿ ಸೇರಿಕೊಂಡ ಮರಿಯನ್ನು ಕೈ ಹಾಕಿ ಎಳೆದರೆ ಅದು ಕಚ್ಚುತ್ತದೆ, ತಪ್ಪು ಅದರದ್ದಲ್ಲ.

ಹೊರಡುವ ಎರಡು ಮೂರು ಗಂಟೆ ಮುಂಚೆ ಊಟ ಬೇಡ, ಗಾಡಿಯಲ್ಲಿ ವಾಂತಿಯಾಗುತ್ತದೆ. ಮರಿ ತಪ್ಪಿಸಿಕೊಳ್ಳುವ ಅಪಾಯ ಹೆಚ್ಚಿರುವುದು ಗಾಡಿಯಿಂದ ಬಾಗಿಲಿನ ನಡುವಿನ ಹತ್ತು ಹೆಜ್ಜೆಯಲ್ಲಿ. ಹೆದರಿದ ಮರಿ ಹಿಂದಕ್ಕೆ ಜಗ್ಗುತ್ತದೆ, ಕಿವಿ ಮಡಚಿಕೊಳ್ಳುತ್ತದೆ, ಕತ್ತಿನ ಪಟ್ಟಿ ತಲೆಯ ಮೇಲಿಂದ ಜಾರಿಹೋಗುತ್ತದೆ. ಹಾಗಾಗಿ ಪಟ್ಟಿಗೊಂದು, ಎದೆ ಬೆನ್ನಿಗೆ ತೊಡಿಸುವ ಹಾರ್ನೆಸ್‌ಗೊಂದು ಎಂದು ಎರಡು ಹಗ್ಗ ಇರಲಿ. ಪಟ್ಟಿಯೊಳಗೆ ಎರಡು ಬೆರಳು ತೂರುವಷ್ಟೇ ಸಡಿಲ. ಕ್ರೇಟಿನಲ್ಲೇ ಒಳಗೆ ತಂದು, ಬಾಗಿಲು ಹಾಕಿದ ಮೇಲೆ ತೆರೆಯುವುದು ಇನ್ನೂ ಒಳ್ಳೆಯದು.

ಮೊದಲ ಮೂರು ದಿನ ಸ್ನಾನ ಬೇಡ, ನೆಂಟರು ಬೇಡ. ತಿಂಡಿಯ ಚೂರನ್ನು ಕೈಯಲ್ಲಿ ಹಿಡಿದು ಕರೆಯಬೇಡಿ. ಆಸೆಗೆ ಹತ್ತಿರ ಬಂದ ಮರಿ ತಿಂದ ಕ್ಷಣವೇ ನಿಮ್ಮ ಮುಖ ಕಂಡು ಗಾಬರಿಯಾಗುತ್ತದೆ. ಚೂರನ್ನು ಅದರ ಬೆನ್ನ ಹಿಂದೆ ಎಸೆಯಿರಿ. ತಿಂದು, ತಿರುಗಿ, ಮತ್ತೆ ತಾನಾಗಿಯೇ ನಿಮ್ಮತ್ತ ಒಂದು ಹೆಜ್ಜೆ ಇಡುತ್ತದೆ. ಹಸಿವಿಲ್ಲದೆ ತುಟಿ ನೆಕ್ಕಿಕೊಂಡರೆ, ನಿದ್ದೆಯಿಲ್ಲದೆ ಆಕಳಿಸಿದರೆ, ಕಣ್ಣಿನ ಬಿಳಿ ಕಂಡರೆ ನೀವೇ ಹಿಂದೆ ಸರಿಯಿರಿ. ಬಗ್ಗಿ ಮುಟ್ಟಲು ಹೋದಾಗ ಉಚ್ಚೆ ಹೊಯ್ದುಕೊಂಡರೆ ಅದು ಭಯಕ್ಕೆ, ಗದರಿದರೆ ಹೆಚ್ಚಾಗುತ್ತದೆ.

ಎರಡು ತಿಂಗಳ ಮರಿ ಹಗಲಲ್ಲಿ ಹೆಚ್ಚೆಂದರೆ ಮೂರು ಗಂಟೆ ಉಚ್ಚೆ ತಡೆದುಕೊಂಡೀತು. ಅಂಜುವ ಮರಿ ಜನರೆದುರು ಉಚ್ಚೆಗೆ ಕೂರುವುದೂ ಇಲ್ಲ, ಮೂರು ಮೀಟರ್ ಹಗ್ಗ ಬಿಟ್ಟು ಬೇರೆಡೆ ನೋಡುತ್ತಾ ನಿಲ್ಲಿ. ಕೊನೆಯ ಲಸಿಕೆ 16 ವಾರದ ಹೊತ್ತಿಗೆ ಅಥವಾ ಆಮೇಲೆ ಆಗುತ್ತದೆ. ಅಲ್ಲಿಯವರೆಗೆ ಬೇರೆ ನಾಯಿಗಳು ಓಡಾಡುವ ನೆಲದಲ್ಲಿ ಬಿಡದೆ, ಎತ್ತಿಕೊಂಡೇ ಲೋಕ ತೋರಿಸಿ.

ಹೊಸ ಆಹಾರವನ್ನು ಕಾಲು ಪಾಲಿನಿಂದ ಶುರುಮಾಡಿ 7ರಿಂದ 10 ದಿನಗಳಲ್ಲಿ ಬದಲಿಸಿ. ಮೊದಲ ಒಂದು ಹೊತ್ತು ಊಟ ಬಿಟ್ಟರೆ ಸಹಜ. ಆದರೆ ಮರಿ ಅರ್ಧ ದಿನ ಏನೂ ಮುಟ್ಟದೆ ಜೋತು ಬಿದ್ದಿದ್ದರೆ, ವಾಂತಿ ಭೇದಿ ಇದ್ದರೆ ಭಯವಿರಬೇಕು ಎಂದು ಕಾಯಬೇಡಿ. ಎಳೆಯ ಮರಿಗಳ ರಕ್ತದ ಸಕ್ಕರೆ ಬೇಗ ಕುಸಿಯುತ್ತದೆ, ಮರಿಗಳ ಜೀವಕ್ಕೇ ಕುತ್ತಾಗುವ ವೈರಸ್ ರೋಗ ಪಾರ್ವೊ ಕೂಡ ಹೀಗೆಯೇ ಶುರುವಾಗುತ್ತದೆ. ಅದೇ ದಿನ ಪಶುವೈದ್ಯರ ಬಳಿ ಹೋಗಿ.

ಮೂರು ವಾರ ಕಳೆದರೂ ನಿಮ್ಮೆದುರು ಕ್ರೇಟ್ ಬಿಟ್ಟು ಬರದಿದ್ದರೆ, ಮುಟ್ಟಿದರೆ ಗುರ್ ಎಂದರೆ ನಾಯಿಗಳ ವರ್ತನೆ ಬಲ್ಲವರನ್ನು ಕರೆಸಿ. ಗುರುಗುಟ್ಟಿದ್ದಕ್ಕೆ ಮಾತ್ರ ಬೈಯಬೇಡಿ. ಆ ಸದ್ದು ನಿಂತ ಮರಿ ಮುಂದೆ ಮುನ್ಸೂಚನೆಯಿಲ್ಲದೆ ಕಚ್ಚಬಹುದು.