ಬಾಬಿನ್ ಲೇಸ್: ಮೊದಲು ದಾರ, ಆಮೇಲೆ ದಿಂಬು

ದಾರ ಸುತ್ತಿದ ಪುಟ್ಟ ಕಡ್ಡಿಗಳನ್ನು ದಿಂಬಿನ ಮೇಲೆ ಅದಲುಬದಲು ದಾಟಿಸುತ್ತ ಹೆಣೆಯುವುದು ಬಾಬಿನ್ ಲೇಸ್; ಆ ಕಡ್ಡಿಗಳೇ ಬಾಬಿನ್. ಇದನ್ನು ಕಲಿಯಲು ಹೊರಟವರು ಮೊದಲು ವಿಚಾರಿಸುವುದು ಬಾಬಿನ್‌ಗಳ ಬೆಲೆ. ಮಣಿ ಕಟ್ಟಿದ, ಕಡೆದು ನುಣುಪು ಮಾಡಿದ ಬಾಬಿನ್ ನೋಡಿದರೆ ಆಸೆಯಾಗುವುದು ಸಹಜವೇ. ಆದರೆ ಕೊಳ್ಳುವ ಕ್ರಮ ಬೇರೆ. ಏನು ಹೆಣೆಯಬೇಕೆಂದು ಮೊದಲು ಗೊತ್ತುಮಾಡಿಕೊಳ್ಳಿ. ಅದಕ್ಕೆ ಒಪ್ಪುವ ದಾರ ತನ್ನಿ. ದಾರದ ದಪ್ಪ ಅಳೆದು ನಕ್ಷೆಯ ಚುಕ್ಕಿಗಳ ಅಂತರ ತೀರ್ಮಾನಿಸಿ. ದಿಂಬು, ಬಾಬಿನ್, ಗುಂಡುಸೂಜಿ ಎಷ್ಟು, ಎಂಥವು ಎಂಬುದು ಆಮೇಲೆ ತಾನಾಗಿಯೇ ತಿಳಿಯುತ್ತದೆ.

ಇದು ಕ್ರೋಶಾ ಅಲ್ಲ. ಪಕ್ಕದ ಆಂಧ್ರದ ನರಸಾಪುರದಿಂದ ಬರುವ ಲೇಸ್ ಕ್ರೋಶಾ ಕಡ್ಡಿಯದು, ಅಲ್ಲಿ ಕುಣಿಕೆಯೊಳಗೆ ಕುಣಿಕೆ. ಬಾಬಿನ್ ಲೇಸ್ ನೇಯ್ಗೆಗೆ ಹತ್ತಿರ. ದಿಂಬಿನ ಮೇಲೆ ಚುಕ್ಕಿ ಚುಚ್ಚಿದ ಕಾರ್ಡು, ಚುಕ್ಕಿಗೊಂದು ಪಿನ್ನು, ಜೋಡಿ ಜೋಡಿಯಾಗಿ ತೂಗುವ ದಾರ. ಹಾಸು ಹೊಕ್ಕು ಎರಡೂ ಇದರಲ್ಲಿವೆ. ಯುರೋಪಿನಲ್ಲಿ 16ನೇ ಶತಮಾನದಿಂದ ಬೆಳೆದುಬಂದ ಕಸುಬಿದು. ಸ್ಲೊವೇನಿಯಾದ ಬಾಬಿನ್ ಲೇಸ್ 2018ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು.

ಏನು ಹೆಣೆಯಬೇಕು

ಸೀರೆಯ ಉದ್ದಕ್ಕೂ ಅಂಚು ಹಾಕುವ ಯೋಚನೆಯಿದ್ದರೆ ಸದ್ಯಕ್ಕೆ ಪಕ್ಕಕ್ಕಿಡಿ. ಹೊಸಬರ ಕೈಯಲ್ಲಿ ಗಂಟೆಗೆ ಒಂದೆರಡು ಸೆಂಟಿಮೀಟರ್ ಸಾಗಿದರೆ ಅದೇ ಹೆಚ್ಚು. ಗಂಟೆಗೆ 2 ಸೆಂ.ಮೀ. ಲೆಕ್ಕದಲ್ಲಿ ಐದೂವರೆ ಮೀಟರಿಗೆ 275 ಗಂಟೆ ಬೇಕು. ನೂರಾರು ಬಾಬಿನ್ ಬೇಡುವ ಹೂಬಳ್ಳಿಯ ಲೇಸ್, ನಾಲ್ಕು ಮೂಲೆ ತಿರುಗಬೇಕಾದ ಕರ್ಚೀಫಿನ ಅಂಚು ಇವೂ ಮೊದಲ ಕೆಲಸಗಳಲ್ಲ.

ಮೊದಲನೆಯದು 20 ಸೆಂ.ಮೀ. ಉದ್ದ, ಒಂದೂವರೆ ಸೆಂ.ಮೀ. ಅಗಲದ, ಪುಸ್ತಕದಲ್ಲಿ ಪುಟದ ಗುರುತಿಗೆ ಇಡುವ ಪಟ್ಟಿಯಾಗಿರಲಿ. ಬೇಕಾಗುವುದು ಎಂಟು ಜೋಡಿ, ಅಂದರೆ 16 ಬಾಬಿನ್ ಮಾತ್ರ. ತಪ್ಪಾದರೆ ನಷ್ಟವಾಗುವುದು ಒಂದಿಷ್ಟು ದಾರ. ಎರಡನೆಯದಾಗಿ ಅದೇ ಪಟ್ಟಿಯನ್ನು ಹಾಫ್ ಸ್ಟಿಚ್‌ನಲ್ಲಿ (ವಿವರ ಮುಂದಿದೆ) ಹೆಣೆಯಿರಿ. ಮೂರನೆಯದಾಗಿ ರವಿಕೆ ತೋಳಿಗೆ ಎಂಟು ಹತ್ತು ಜೋಡಿಯ ಟಾರ್ಶನ್ ಅಂಚು; ಟಾರ್ಶನ್ ಎಂದರೆ ಚೌಕುಳಿ ನಕ್ಷೆಯ ಸರಳ ಬಾಬಿನ್ ಲೇಸ್. ತೋಳಿನ ಸುತ್ತಳತೆ 30 ಸೆಂ.ಮೀ. ಎಂದುಕೊಂಡರೆ ಎರಡಕ್ಕೂ ಸೇರಿ 60. ಹೊಲಿಗೆಗೆ, ಕುಗ್ಗುವುದಕ್ಕೆ ಒಂದೊಂದು ತೋಳಿಗೂ 3 ಸೆಂ.ಮೀ. ಹೆಚ್ಚು ಹೆಣೆಯಬೇಕು.

ದಾರ

ಎಡವುವುದು ಇಲ್ಲೇ ಹೆಚ್ಚು. ಸೀರೆಗೆ ಕುಚ್ಚು ಹಾಕುವವರ ಮನೆಯಲ್ಲಿ ಬಣ್ಣಬಣ್ಣದ ರೇಷ್ಮೆ ದಾರ ಇದ್ದೇ ಇರುತ್ತದೆ, ಅದನ್ನೇ ಬಳಸೋಣ ಅನ್ನಿಸುತ್ತದೆ. ಬೇಡ. ಆ ಹೊಳಪಿನ ದಾರಗಳಲ್ಲಿ ಬಹುಪಾಲಿಗೆ ಹುರಿ ಸಡಿಲ. ಪಿನ್ನಿನ ಮೊನೆ ತಗುಲಿದರೆ ಎಳೆ ಸೀಳುತ್ತದೆ, ಬಾಬಿನ್ನಿನ ಕುಣಿಕೆಯೂ ಜಾರುತ್ತದೆ. ಹೊಲಿಗೆ ಯಂತ್ರದ ಪಾಲಿಯೆಸ್ಟರ್ ದಾರ ಪುಟಿಯುತ್ತದೆ, ಪಿನ್ನು ಕಿತ್ತ ಮೇಲೆ ಲೇಸ್ ಮಟ್ಟಸವಾಗಿ ಕೂರುವುದಿಲ್ಲ.

ಶಿಡ್ಲಘಟ್ಟ ಹತ್ತಿರವಿರುವುದರಿಂದ ಅಸಲಿ ರೇಷ್ಮೆ ಸಿಗುತ್ತದಲ್ಲ ಎನ್ನಬಹುದು. ನೂಲು ಬಿಚ್ಚಣಿಕೆಯಿಂದ ನೇರವಾಗಿ ಬರುವುದು ಕಚ್ಚಾ ರೇಷ್ಮೆ. ಅದು ಕೂದಲಿಗಿಂತ ತೆಳು, ಮೈತುಂಬ ಅಂಟು. ಆ ಅಂಟು ತೆಗೆದರೆ ತೂಕದಲ್ಲಿ ಐದನೇ ಒಂದು ಭಾಗದಿಂದ ಕಾಲು ಭಾಗದವರೆಗೆ ಹೋಗುತ್ತದೆ. ಹುರಿ ಹಾಕಿಸಿ, ಅಂಟು ತೆಗೆಸಿದ ರೇಷ್ಮೆಯಾದರೆ ಲೇಸಿಗೆ ಬಲು ಸೊಗಸು, ಆದರೆ ಅದು ಮೂರನೆಯ ನಾಲ್ಕನೆಯ ಕೆಲಸಕ್ಕೆ. ಶುರುವಿಗೆ ಬಿಗಿ ಹುರಿಯ ಹತ್ತಿ ದಾರವೇ ಸರಿ: 8ನೇ ನಂಬರಿನ ಪರ್ಲ್ ಕಾಟನ್, ಇಲ್ಲವೇ ಅದೇ ದಪ್ಪದ ಕ್ರೋಶಾ ದಾರ. ಬಿಳಿ ಅಥವಾ ತಿಳಿಬಣ್ಣದ್ದನ್ನು ತನ್ನಿ. ಕಪ್ಪು ದಾರದಲ್ಲಿ ತಪ್ಪು ಕಾಣಿಸುವುದೇ ಇಲ್ಲ.

ಈಗ ಅಳತೆ. ಪೆನ್ಸಿಲ್ ಮೇಲೆ 2 ಸೆಂ.ಮೀ. ಗುರುತು ಮಾಡಿ ದಾರವನ್ನು ಎಳೆಯದೆ, ಒಂದರ ಮೇಲೊಂದು ಹತ್ತದಂತೆ, ಪಕ್ಕಪಕ್ಕಕ್ಕೆ ಸುತ್ತಿ. ಸುತ್ತು ಎಣಿಸಿ ಎರಡರಿಂದ ಭಾಗಿಸಿದರೆ ಸೆಂಟಿಮೀಟರಿಗೆ ಎಷ್ಟು ಸುತ್ತು ಎಂಬುದು ಸಿಗುತ್ತದೆ. 18 ಬಂತೆನ್ನಿ. ಬಟ್ಟೆಯಂತೆ ಹೆಣೆಯುವ ಕಡೆ ಎಳೆಯಷ್ಟೇ ಅಗಲದ ಸಂದು ಬೇಕು, ಆದ್ದರಿಂದ ಅದರ ಅರ್ಧ, ಸೆಂಟಿಮೀಟರಿಗೆ 9 ಎಳೆ. ಒಂದೂವರೆ ಸೆಂ.ಮೀ. ಪಟ್ಟಿಗೆ 13 ಅಥವಾ 14 ಎಳೆ, ಅಂದರೆ ಏಳು ಜೋಡಿ ಹಾಸು. ಅಡ್ಡ ಓಡುವ ಹೊಕ್ಕು ಒಂದು ಜೋಡಿ. ಟಾರ್ಶನ್ ಅಂಚಿಗೆ ಲೆಕ್ಕ ಬೇರೆ: ನೇರ ಅಂಚಿನಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಇರುವ ಜಾಗದಲ್ಲಿ 10ರಿಂದ 12 ಸುತ್ತು ಹಿಡಿಸಬೇಕು. ನಮ್ಮ ದಾರಕ್ಕೆ ಅದು 6 ಮಿ.ಮೀ. ದಾರ ದಪ್ಪವಾದರೆ ಲೇಸ್ ರಟ್ಟಿನಂತೆ ಸೆಟೆಯುತ್ತದೆ. ತೆಳುವಾದರೆ ಪಿನ್ನು ಕಿತ್ತೊಡನೆ ಆಕಾರ ಸೊರಗುತ್ತದೆ. ಬೇರೆಯವರ ನಕ್ಷೆ ಬಳಸುವಾಗಲೂ ಈ ಅಳತೆ ನೋಡಿ. ಜೆರಾಕ್ಸ್ ಯಂತ್ರ ನಕ್ಷೆಯನ್ನು ತುಸು ಹಿಗ್ಗಿಸಿಯೋ ಕುಗ್ಗಿಸಿಯೋ ಕೊಡುವುದುಂಟು, ಸ್ಕೇಲ್ ಇಟ್ಟು ತಾಳೆ ನೋಡಿ.

ದಿಂಬು, ಬಾಬಿನ್, ಪಿನ್ನು

ದಿಂಬು ಮೆತ್ತಗಿದ್ದರೆ ಕೆಲಸಕ್ಕೆ ಬಾರದು. ಪಿನ್ನು ಚುಚ್ಚಿ ಬೆರಳಿನಿಂದ ಮೆಲ್ಲಗೆ ತಟ್ಟಿದರೆ ವಾಲಬಾರದು, ದಿಂಬಿನ ಗುಣ ಇಷ್ಟರಲ್ಲೇ ಇದೆ. ಅಡ್ಡಗಲ 45 ಸೆಂ.ಮೀ. ಇರಲಿ. 33 ಸೆಂ.ಮೀ.ನ ತೋಳಿನ ಅಂಚು ನಡುವೆ ಎತ್ತಿಡುವ ತಾಪತ್ರಯವಿಲ್ಲದೆ ಇಡಿಯಾಗಿ ಹಿಡಿಸುತ್ತದೆ. ಮೀಟರ್‌ಗಟ್ಟಲೆ ಹೆಣೆಯುವವರಿಗೆ ಉರುಳೆ ದಿಂಬು ಬೇಕಾಗುತ್ತದೆ, ನಿಮಗೀಗ ಬೇಡ.

ಮನೆಯಲ್ಲೇ ಮಾಡುವುದಾದರೆ 6 ಮಿ.ಮೀ. ಪ್ಲೈವುಡ್ಡನ್ನು ದುಂಡಗೆ ಕೊಯ್ಸಿ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ರಾಗಿ ಹುಲ್ಲಿಗೆ ಬರವಿಲ್ಲ. ಎರಡು ದಿನ ಬಿಸಿಲಲ್ಲಿ ಒಣಗಿಸಿ, ಮೂರು ನಾಲ್ಕು ಸೆಂ.ಮೀ. ತುಂಡು ಮಾಡಿ, ಗಟ್ಟಿ ಕಾಟನ್ ಚೀಲಕ್ಕೆ ತುಂಬಿ, ಲಟ್ಟಣಿಗೆಯ ತುದಿಯಿಂದ ಗಿಡಿಯಬೇಕು. ತುಂಬಿತು ಅನ್ನಿಸಿದ ಮೇಲೂ ಇನ್ನೆರಡು ಬೊಗಸೆ ಹಿಡಿಸುತ್ತದೆ. ಹೆಬ್ಬೆರಳಲ್ಲಿ ಒತ್ತಿದರೆ ಗುಳಿ ಬೀಳಬಾರದು. ನಡುವೆ 7 ಸೆಂ.ಮೀ. ಎತ್ತರ ಸಾಕು; ಗುಮ್ಮಟದಷ್ಟು ಉಬ್ಬಿದರೆ ಬಾಬಿನ್‌ಗಳು ಬದಿಗೆ ಜಾರುತ್ತವೆ. ಹುಲ್ಲು ಹಸಿಯಿದ್ದರೆ ಬೂಸರು ಹಿಡಿದು ಲೇಸಿಗೆ ಕಲೆಯಾಗುತ್ತದೆ. ತುಮಕೂರಿನವರಿಗೆ ತೆಂಗಿನ ನಾರು ಸುಲಭವಾಗಿ ಸಿಗುತ್ತದೆ, ಆದರೆ ನಾರು ಪುಟಿಯುವುದರಿಂದ ಪಿನ್ನು ಹಿಡಿಯುವುದಿಲ್ಲ. ಸಾಮಿಲ್ಲಿನ ಮರದ ಹೊಟ್ಟು ಚೆನ್ನಾಗಿ ಹಿಡಿಯುತ್ತದೆ, ಭಾರ ಮಾತ್ರ ಹೆಚ್ಚು. ಅಂಗಡಿಯ ಹಗುರ ಥರ್ಮೋಕೋಲ್ ಒಂದೆರಡು ಪಟ್ಟಿಗೆ ಆದೀತು, ಆಮೇಲೆ ಅದೇ ಜಾಗದಲ್ಲಿ ತೂತು ಸಡಿಲವಾಗಿ ಕಾಳು ಉದುರುತ್ತದೆ. ಟಿವಿ, ಫ್ರಿಜ್ ಡಬ್ಬದೊಳಗೆ ಬರುವ ಬಿಗಿಯಾದ ಪ್ಯಾಕಿಂಗ್ ಫೋಮ್ 5 ಸೆಂ.ಮೀ. ದಪ್ಪದ್ದು ಸಿಕ್ಕರೆ ಅದು ವಾಸಿ. ಮೇಲುಹೊದಿಕೆ ಕಡುನೀಲಿ ಅಥವಾ ಕಡುಹಸಿರಿನ ಪಾಪ್ಲಿನ್ ಇರಲಿ, ಬಿಳಿ ದಾರ ಎದ್ದು ಕಾಣುತ್ತದೆ. ಕೆಲಸ ನಿಲ್ಲಿಸಿದಾಗಲೆಲ್ಲ ಮೇಲೊಂದು ಬಟ್ಟೆ ಮುಚ್ಚಿ. ನಮ್ಮ ಕೆಮ್ಮಣ್ಣಿನ ಧೂಳು ಬಿಳಿ ದಾರಕ್ಕೆ ಹತ್ತಿದರೆ ಬಿಡುವುದು ಕಷ್ಟ.

ಬಾಬಿನ್ ಸುಮಾರು 10 ಸೆಂ.ಮೀ. ಉದ್ದದ ಕಡ್ಡಿ. ಮೇಲೆ ಸಣ್ಣ ತಲೆ, ಅದರ ಕೆಳಗೆ ದಾರ ಸುತ್ತುವ ಕತ್ತು, ಉಳಿದದ್ದು ಹಿಡಿ. ಎಲ್ಲ ಒಂದೇ ತೂಕದವಾಗಿರಬೇಕು. ಒಂದು ಭಾರ ಒಂದು ಹಗುರವಾದರೆ ಎಳೆತ ಏರುಪೇರಾಗಿ ಅಂಚು ಸೊಟ್ಟಗಾಗುತ್ತದೆ. 6ರಿಂದ 8 ಮಿ.ಮೀ. ದಪ್ಪದ ಬಿದಿರು ಕಡ್ಡಿಯ ತುದಿಯಿಂದ 5 ಮಿ.ಮೀ. ಬಿಟ್ಟು, 2 ಸೆಂ.ಮೀ. ಉದ್ದಕ್ಕೆ ಕತ್ತು ಕೊರೆದು ಮರಳು ಕಾಗದ ಉಜ್ಜಿದರೆ ಮೊದಲ 16 ಮನೆಯಲ್ಲೇ ಆಗುತ್ತವೆ. ಚೆನ್ನಪಟ್ಟಣದಲ್ಲಿ ಗೊಂಬೆ ಕಡೆಯುವವರಿಂದ ಮಾಡಿಸುವುದಾದರೆ ಅಳತೆಯ ಮಾದರಿ ಒಂದನ್ನು ಕೈಯಲ್ಲೇ ಕೊಡಿ, ಕತ್ತಿಗೆ ಅರಗಿನ ಬಣ್ಣ ಬೇಡವೆನ್ನಿ. ನುಣುಪಾದ ಕತ್ತಿನಲ್ಲಿ ದಾರ ನಿಲ್ಲುವುದಿಲ್ಲ. ಟಾರ್ಶನ್ ಅಂಚಿಗೂ ಸೇರಿಸಿ 24 ಸಾಕು.

ಪಿನ್ನು 30 ಮಿ.ಮೀ. ಉದ್ದ, ಸುಮಾರು 0.65 ಮಿ.ಮೀ. ದಪ್ಪ, ಹಿತ್ತಾಳೆಯದು ಅಥವಾ ಸ್ಟೇನ್‌ಲೆಸ್ ಸ್ಟೀಲಿನದು. ಫ್ಯಾನ್ಸಿ ಅಂಗಡಿಯ ಗುಂಡುಸೂಜಿಯಾದರೆ ನಾಲ್ಕನ್ನು ಒದ್ದೆ ಬಿಳಿ ಬಟ್ಟೆಗೆ ಚುಚ್ಚಿ ರಾತ್ರಿ ಬಿಡಿ. ಬೆಳಗ್ಗೆ ಕಂದು ಕಲೆ ಕಂಡರೆ ಆ ಡಬ್ಬ ಬೇಡ. ಕತ್ತರಿ, ಸಣ್ಣ ಕ್ರೋಶಾ ಕಡ್ಡಿ ಮನೆಯಲ್ಲಿರುವುದೇ ನಡೆಯುತ್ತದೆ.

ಮೊದಲ ಪಟ್ಟಿ

ಶಾಲೆಯ ಗ್ರಾಫ್ ಹಾಳೆಯಲ್ಲಿ 15 ಮಿ.ಮೀ. ಅಂತರದಲ್ಲಿ ಎರಡು ಉದ್ದ ಗೆರೆ ಎಳೆಯಿರಿ. ಎಡಗೆರೆಯ ಮೇಲೆ 4 ಮಿ.ಮೀ.ಗೊಂದು ಚುಕ್ಕಿ, ಬಲಗೆರೆಯ ಮೇಲೂ ಹಾಗೆಯೇ, ಆದರೆ 2 ಮಿ.ಮೀ. ಕೆಳಗಿನಿಂದ ಶುರುವಾಗಲಿ. ಒಂದೊಂದು ಬದಿಗೂ 50 ಚುಕ್ಕಿ. ಹಾಳೆಯನ್ನು ಫೈಲ್ ರಟ್ಟಿಗೆ ಅಂಟಿಸಿ, ಪ್ರತಿ ಚುಕ್ಕಿಯನ್ನೂ ಸೂಜಿಯಿಂದ ಮೊದಲೇ ನೆಟ್ಟಗೆ ಚುಚ್ಚಿಡಿ. ಇದನ್ನು ಬಿಟ್ಟರೆ ಹೆಣೆಯುವಾಗ ಪಿನ್ನು ಜಾರಿ ಚುಕ್ಕಿ ತಪ್ಪುತ್ತದೆ.

ಹಾಸಿನ ಜೋಡಿಗೆ 1.4 ಮೀಟರ್ ದಾರ ಕತ್ತರಿಸಿ, ಎರಡು ತುದಿಯಿಂದ ಎರಡು ಬಾಬಿನ್ನಿಗೆ ಸುತ್ತಿ. ನಡುವೆ ಗಂಟಿರಬಾರದು. ಹೊಕ್ಕು ಹೆಚ್ಚು ಓಡುತ್ತದೆ: 100 ಸಾಲು, ಸಾಲಿಗೆ 1.6 ಸೆಂ.ಮೀ., ಒಟ್ಟು 160. ಕೈಗೆ ಸಿಗಲು, ಎಳೆತಕ್ಕೆ ಸೇರಿಸಿ ಬಾಬಿನ್ನಿಗೆ 2.5 ಮೀಟರ್, ಜೋಡಿಗೆ 5 ಮೀಟರ್. ಸುತ್ತಿದ ಮೇಲೆ ದಾರದಲ್ಲಿ ಒಂದು ಕುಣಿಕೆ ಮಾಡಿ ತಲೆಗೆ ತೊಡಿಸಿ ಬಿಗಿದರೆ ತಾನಾಗಿ ಬಿಚ್ಚಿಕೊಳ್ಳುವುದಿಲ್ಲ. ಏಳು ಹಾಸಿನ ಜೋಡಿಗಳನ್ನು ಪಟ್ಟಿಯ ಮೇಲ್ತುದಿಯಲ್ಲಿ ಸಮ ಅಂತರದ ಏಳು ಪಿನ್ನುಗಳಿಗೆ, ಹೊಕ್ಕಿನ ಜೋಡಿಯನ್ನು ಎಡಗೆರೆಯ ಮೊದಲ ಚುಕ್ಕಿಗೆ ನೇತುಹಾಕಿ.

ಒಟ್ಟು ಕಲಿಯಬೇಕಾದ ಚಲನೆ ಎರಡೇ. ಹೊಕ್ಕಿನ ಜೋಡಿ, ಪಕ್ಕದ ಹಾಸಿನ ಜೋಡಿ ಸೇರಿ ನಾಲ್ಕು ಬಾಬಿನ್. ಎಡದಿಂದ 1, 2, 3, 4. ಸಂಖ್ಯೆ ಜಾಗಕ್ಕೆ, ಬಾಬಿನ್ನಿಗಲ್ಲ. ಕ್ರಾಸ್ ಎಂದರೆ 2ನೆಯದನ್ನು 3ನೆಯದರ ಮೇಲೆ ದಾಟಿಸುವುದು. ಟ್ವಿಸ್ಟ್ ಎಂದರೆ 2ನ್ನು 1ರ ಮೇಲೆ, 4ನ್ನು 3ರ ಮೇಲೆ. ಕ್ರಾಸ್, ಟ್ವಿಸ್ಟ್, ಕ್ರಾಸ್ ಮಾಡಿದರೆ ಕ್ಲಾತ್ ಸ್ಟಿಚ್, ಹೊಕ್ಕು ಒಂದು ಜೋಡಿ ದಾಟಿ ಬಲಕ್ಕೆ ಬಂದಿರುತ್ತದೆ. ಹಾಗೆ ಏಳನ್ನೂ ದಾಟಿ, ಹೊಕ್ಕಿನ ಜೋಡಿಯನ್ನು ಎರಡು ಸಲ ಟ್ವಿಸ್ಟ್ ಮಾಡಿ, ಅದಕ್ಕೂ ಕೊನೆಯ ಹಾಸಿಗೂ ನಡುವೆ ಬಲಗೆರೆಯ ಚುಕ್ಕಿಯಲ್ಲಿ ಪಿನ್ನು ಚುಚ್ಚಿ, ಹಿಂತಿರುಗಿ. ಕೇವಲ ಕ್ರಾಸ್, ಟ್ವಿಸ್ಟ್ ಆದರೆ ಅದೇ ಹಾಫ್ ಸ್ಟಿಚ್.

ಪಟ್ಟಿ ನಡುವೆ ಕಿರಿದಾಗುತ್ತಿದ್ದರೆ ಹೊಕ್ಕನ್ನು ಜಗ್ಗುತ್ತಿದ್ದೀರಿ, ಇಲ್ಲವೇ ಪಿನ್ನು ಒಳಕ್ಕೆ ವಾಲಿದೆ. ಅಂಚಿನ ಪಿನ್ನುಗಳು ತುಸು ಹೊರಕ್ಕೆ, ಹಿಂದಕ್ಕೆ ವಾಲಿರಲಿ. ಬಟ್ಟೆಯ ನಡುವೆ ಬೇಡದ ತೂತು ಕಂಡರೆ ಎಲ್ಲೋ ಕ್ರಾಸ್ ಬಿಟ್ಟಿದೆ ಅಥವಾ ಟ್ವಿಸ್ಟ್ ಹೆಚ್ಚಾಗಿದೆ. ಚಲನೆಗಳನ್ನು ಹಿಂದುಮುಂದಾಗಿ ಮಾಡುತ್ತ ಅಲ್ಲಿಯವರೆಗೆ ಬಿಚ್ಚಬೇಕು, ಮುಂದೆ ಸರಿಹೋದೀತು ಎನ್ನುವುದು ಸುಳ್ಳು. ದಾರ ಪದೇ ಪದೇ ತುಂಡಾದರೆ ಬಾಬಿನ್ ಭಾರ ಹೆಚ್ಚು, ಇಲ್ಲವೇ ಉರುಳಿ ಉರುಳಿ ಹುರಿ ಬಿಚ್ಚಿದೆ. ಪಿನ್ನಿನಿಂದ ಬಾಬಿನ್ನಿಗೆ 8ರಿಂದ 10 ಸೆಂ.ಮೀ. ಮಾತ್ರ ಬಿಡಿ, ಉರುಳುವ ಬಾಬಿನ್ನಿನ ತುದಿಗೆ ತಂತಿಯಲ್ಲಿ ನಾಲ್ಕು ಮಣಿ ಕಟ್ಟಿ.

ಹಿಂದಿನ ಪಿನ್ನುಗಳನ್ನು ಕಿತ್ತು ಮುಂದಕ್ಕೆ ಬಳಸಬಹುದು, ಆದರೆ ಕೊನೆಯ 5 ಸೆಂ.ಮೀ.ನವು ಇರಲೇಬೇಕು. ಪಟ್ಟಿ ಮುಗಿದ ಮೇಲೆ ಒಂದು ರಾತ್ರಿ ಪಿನ್ನಿನಲ್ಲೇ ಬಿಡಿ. ಬೆಳಗ್ಗೆ ಎದುರುಬದುರು ಎಳೆಗಳನ್ನು ಜೋಡಿ ಗಂಟು ಹಾಕಿ, 8 ಸೆಂ.ಮೀ. ಬಿಟ್ಟು ಕತ್ತರಿಸಿ; ಕುಚ್ಚು ಕಟ್ಟಲು ಬರುವವರು ಅದನ್ನೇ ಕುಚ್ಚಾಗಿಸಬಹುದು. ತೋಳಿನ ಅಂಚಾದರೆ ರವಿಕೆಗೆ ಹೊಲಿಯುವ ಮುಂಚೆ ತಣ್ಣೀರಲ್ಲಿ ನೆನೆಸಿ, ಹಿಂಡದೆ, ದಿಂಬಿನ ಮೇಲೆ ಪಿನ್ನು ಹಾಕಿ ನೆರಳಲ್ಲಿ ಒಣಗಿಸಿ. ಕುಗ್ಗುವುದೆಲ್ಲ ಆಗಲೇ ಕುಗ್ಗಿಬಿಡಲಿ, ಇಲ್ಲದಿದ್ದರೆ ಮೊದಲ ಒಗೆತಕ್ಕೇ ತೋಳು ಸುಕ್ಕುಗಟ್ಟುತ್ತದೆ.